ಬಾಗಿಲ ಬಳ್ಳಿ

ನನ್ನ ಸೋದರಮಾವನ ಮಗನನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಹೊಟ್ಟೆಕಿಚ್ಚು. ಅವನು ಹಿರೇಕೆರೂರಿನವನು, ನಾನು ಹಾನಗಲ್ಲಿನವನು. ಹಬ್ಬಕ್ಕೆ ಅವನು ಬಂದರೆ ನಮ್ಮವ್ವ ಅವನ ಹೋಳಿಗೆಯ ಮೇಲೆ ಒಂದು ಸೌಟು ತುಪ್ಪ ಹೆಚ್ಚು ಸುರಿಯುತ್ತಿದ್ದಳು. ನಾನು ಮೆಟ್ರಿಕ್ ಪಾಸಾಗಿ, ಹುಬ್ಬಳ್ಳಿಯಲ್ಲಿ ಟೈಪಿಂಗ್ ಕಲಿತು, ಹಾನಗಲ್ಲಿನ ಕಚೇರಿಯೊಂದರಲ್ಲಿ ಹಂಗಾಮಿ ಕಾರಕೂನನಾಗಿ ಬೆನ್ನು ಬಗ್ಗಿಸಿದವನು. ಅವನು ನಾಟಕ ಕಂಪನಿಯ ಹಿಂದೆ ಹೋದವನು. ಪಾತ್ರ ಮಾಡಲಿಕ್ಕಲ್ಲ, ಮ್ಯಾನೇಜರನಾಗಿ. ತಂಬು ಹಾಕಿಸುವುದು, ನಟರಿಗೆ ಊಟ ಹಾಕಿಸುವುದು, ಊರ ಗೌಡರನ್ನು ಒಲಿಸಿ ಜಾಗ ಕೇಳುವುದು ಅವನ ಉದ್ಯೋಗ. ಕಂಪನಿ ಶಿಗ್ಗಾಂವದಲ್ಲಿ ಮುಳುಗಿತು. ಅವನು ಕೈಬೀಸಿಕೊಂಡು ಮನೆಗೆ ಬಂದ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ನಮ್ಮ ಸೀಮೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕಾರು ವರ್ಷವಾಗಿತ್ತು. ಸವಣೂರಿನ ವೀಳ್ಯದೆಲೆ ತೋಟಗಳಲ್ಲಿ ಬಳ್ಳಿ ಒಣಗುವ ರೋಗ ಕಾಣಿಸಿಕೊಂಡು, ಅದರ ಸಂಶೋಧನೆಗೆ ಒಂದು ಯೋಜನೆ ಬಂತು. ಹಳೆಯ ವಾಡೆಯ ಎರಡು ಕೋಣೆ ಹಿಡಿದು ಕಚೇರಿ ಮಾಡಿದರು. ರೈತರ ತೋಟದಲ್ಲೇ ಕೆಲವು ಬಳ್ಳಿಗಳಿಗೆ ತಗಡಿನ ಗುರುತು ಕಟ್ಟಿ, ಔಷಧ ಹಾಕಿ, ಎಲೆ ಎಷ್ಟು ಬಂತೆಂದು ನೋಡುವ ಕೆಲಸ. ವಿಜ್ಞಾನಕ್ಕೆ ಸಾಹೇಬರಿದ್ದರು. ಉಳಿದದ್ದನ್ನೆಲ್ಲ ನೋಡಿಕೊಳ್ಳಲು ಒಬ್ಬ ಆಡಳಿತ ಸಹಾಯಕ ಬೇಕಾಗಿತ್ತು. ಆ ಕುರ್ಚಿ ನನ್ನದೇ ಎಂದು ನಾನು ಮನಸ್ಸಿನಲ್ಲೇ ಕೂತುಬಿಟ್ಟಿದ್ದೆ. ಇಂಟರ್‌ವ್ಯೂಗೆ ಹೋದರೆ ಹೊರಗಿನ ಬೆಂಚಿನ ಮೇಲೆ ಮಾವನ ಮಗ, ನಾಟಕ ಕಂಪನಿಯ ಜರಿಯ ಶಲ್ಯ ಹೊದ್ದು, ಸಿಪಾಯಿಯ ಜೊತೆ ಹರಟುತ್ತಿದ್ದಾನೆ!

ಸಾಹೇಬರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರು. "ತೋಟದವರ ಮನ್ಯಾಗ ಮದುವಿ ಐತಿ. ನಮ್ಮ ಗುರುತಿನ ಬಳ್ಳಿ ಎಲಿ ಕೊಯ್ಯಬಾರದು. ಏನ್ ಮಾಡ್ತಿ?"

"ನೋಟಿಸ್ ಕೊಡ್ತೇನ್ರಿ," ಎಂದೆ.

"ಕೇಳದಿದ್ರ?"

"ಇನ್ನೊಂದು ನೋಟಿಸ್ ಕೊಡ್ತೇನ್ರಿ."

ಮಾವನ ಮಗ ಒಳಗೆ ಹೋದ ಮೇಲೆ ಸಾಹೇಬರು ನಗುವುದು ಹೊರಗೆ ಕೇಳಿಸಿತು. ಹೊರಗೆ ಬಂದವನನ್ನು, "ಏನ್ ಹೇಳಿದಿ?" ಎಂದು ಕೇಳಿದೆ.

"ಮದುವಿ ಹುಡುಗಂದೋ ಹುಡುಗೀದೋ ಅಂತ ಕೇಳಿದೆ. ಹುಡುಗೀದಾದ್ರ ಎಲಿ ಜಾಸ್ತಿ ಬೇಕಾಗ್ತಾವಲ್ಲ. ಬ್ಯಾರೆ ತೋಟದ ಎಲಿ ನಾವ ತಂದು ಮುಯ್ಯಿ ಮಾಡೋದು. ಮನಿಗೆ ಎಲಿ ಬಂದ ಮ್ಯಾಲೆ ಬಳ್ಳಿಗೆ ಯಾರು ಕೈ ಹಾಕ್ತಾರ?"

"ಅನುಭವ ಕೇಳಲಿಲ್ಲೇನು?"

"ಕೇಳಿದ್ರು. ಇಲ್ರಿ ಅಂದೆ."

ಇಲ್ಲ ಎಂದವನಿಗೆ ಕುರ್ಚಿ ಸಿಕ್ಕಿತು. ನನಗೆ ಟೈಪಿಂಗ್ ಬರುತ್ತದೆಂದು ಅದೇ ಕೋಣೆಯಲ್ಲಿ, ಅವನ ಮೇಜಿನ ಮುಂದೆಯೇ, ಟೈಪಿಸ್ಟ್ ಮಾಡಿದರು. ನಮ್ಮವ್ವ ಇಬ್ಬರ ಹೆಸರಿನಲ್ಲೂ ಸಕ್ಕರೆ ಹಂಚಿದಳು, ಅವನ ಹೆಸರು ಮೊದಲು ಹೇಳಿ.

ಅವನು ಎಡವುವುದನ್ನು ನೋಡಬೇಕೆಂದು ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ತೋಟಕ್ಕೆ ಹೊರಟರೆ ಸೈಕಲ್ಲಿನಲ್ಲಿ ಹಿಂದೆಯೇ ಹೋಗುತ್ತಿದ್ದೆ. ಯಾರಿಗೆ ಮೊದಲು ನಮಸ್ಕಾರ ಹೇಳುತ್ತಾನೆ, ಯಾರ ಜೊತೆ ಉರ್ದು ಆಡುತ್ತಾನೆ, ಯಾರ ಮನೆಯ ಚಹಾ ಬೇಡ ಎನ್ನುವುದಿಲ್ಲ, ಎಲ್ಲಾ ನೋಡಿದೆ. ಒಂದೊಂದು ಸಲ ರಾತ್ರಿ ಕನಸಿನಲ್ಲೂ ಅವನೇ ಬರುತ್ತಿದ್ದ, ಶಲ್ಯದ ಸಮೇತ.

ಕೊನೆಗೂ ನನ್ನ ದಿನ ಬಂತು. ದೊಡ್ಡ ತೋಟದ ಅಜ್ಜನಿಗೆ ಒಂದು ನೇಮವಿತ್ತು. ತೋಟಕ್ಕೆ ಬಂದವರು ಯಾರೇ ಇರಲಿ, ಕೈಯಲ್ಲಿ ಎಲೆ ಹಿಡಿಯದೆ ಹೊರಗೆ ಹೋಗಬಾರದು. ಧಾರವಾಡದಿಂದ ದೊಡ್ಡ ಅಧಿಕಾರಿಗಳು ಪ್ರಯೋಗ ನೋಡಲು ಬಂದರು. ಅಜ್ಜ ಅವರನ್ನು ಗುರುತಿನ ಬಳ್ಳಿಯ ಹತ್ತಿರ ನಿಲ್ಲಿಸಿ, ಕೈಗೆ ಸಿಕ್ಕ ಅದೇ ಬಳ್ಳಿಯ ಎಲೆ ಕೊಯ್ದು ಕೊಯ್ದು ಹಂಚತೊಡಗಿದ. ನಾನು ಎದ್ದೆನೋ ಬಿದ್ದೆನೋ ಎಂದು ಸಾಹೇಬರ ಕಡೆ ಓಡಿದೆ.

"ಸಾಹೇಬ್ರ, ಗುರುತಿನ ಬಳ್ಳಿ ಎಲಿ ಹಂಚಾಕತ್ತಾರ್ರಿ! ಇದನ್ನ ನೋಡ್ಕೊಳ್ಳಬೇಕಾದವರು ಯಾರ್ರಿ?"

ಸಾಹೇಬರು ತಿರುಗಿದರು. ಬಾಯಿ ತುಂಬ ಅದೇ ಬಳ್ಳಿಯ ಎಲೆ ಅಡಿಕೆ. ತುಟಿ ಆಗಲೇ ಕೆಂಪಾಗಿತ್ತು.

ಮಾವನ ಮಗ ಅಜ್ಜನಿಗೆ ಒಂದು ಗಡಸು ಮಾತೂ ಆಡಲಿಲ್ಲ. ಅತಿಥಿಗಳು ಹೋದ ಮೇಲೆ ಅವನ ಪಕ್ಕ ಕೂತು ಹೇಳಿದ: "ಎಲಿ ಕೊಡೂದು ಬಿಡಬ್ಯಾಡ್ರಿ ಅಜ್ಜಾರ. ಬಾಗಲ ಬಾಜೂಕಿನ ಬಳ್ಳಿ ಬಂದವರ ಪಾಲಿಗಿರಲಿ. ಒಳಗ ಬರೂಮುಂದನ ಕೈಯಾಗ ಎಲಿ ಇಟ್ರ, ಒಳಗ ಬಂದು ಯಾರು ಕೇಳ್ತಾರ?" ಅಜ್ಜ ಹೂಂ ಎಂದ. ಸ್ವಲ್ಪ ದಿನದಲ್ಲೇ ನಮ್ಮ ತೋಟಗಳಿಗೆಲ್ಲ ಒಂದೊಂದು ಬಾಗಿಲ ಬಳ್ಳಿ ಆಯಿತು. ಸಾಹೇಬರು ಅವನ ಬೆನ್ನು ತಟ್ಟಿದರು. ಇಷ್ಟು ಸಲೀಸು ಉಪಾಯ ನನಗೇಕೆ ಹೊಳೆಯಲಿಲ್ಲ ಎಂದು ನನ್ನ ಮೈಯೆಲ್ಲ ಉರಿಯಿತು. ಕಷ್ಟದ್ದಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಎರಡು ವರ್ಷಕ್ಕೆ ಅವನು ಇನ್ನೂ ದೊಡ್ಡ ಹುದ್ದೆಗೆ ಧಾರವಾಡಕ್ಕೆ ಹೋದ. ಕುರ್ಚಿ ಖಾಲಿಯಾಯಿತು. ಸಾಹೇಬರು ನನ್ನನ್ನು ಕರೆದರು.

"ಒಂದು ತೋಟದ ಅಣ್ಣತಮ್ಮರು ಪಾಲಾಗಾಕತ್ತಾರ. ನಮ್ಮ ಬಳ್ಳಿ ನಡುವ ಬದು ಬೀಳೂದೈತಿ. ಏನ್ ಮಾಡ್ತಿ?"

ನೋಟಿಸ್ ಎನ್ನಲು ಬಾಯಿ ತೆರೆದೆ. ಹೊರಗೆ ಬಂದ ಮಾತೇ ಬೇರೆ. "ಅವರವ್ವ ಯಾರ ಮನ್ಯಾಗ ಉಣ್ತಾಳ್ರಿ? ಮೊದಲ ಆಕೀನ್ನ ಕಂಡು ಬರ್ತೇನ್ರಿ."

ಸಾಹೇಬರು ನಕ್ಕರು. ಅವತ್ತು ಅವನ ಮಾತಿಗೆ ನಕ್ಕ ಹಾಗೆಯೇ ನಕ್ಕರು. ಅನುಭವದ ಮಾತೇ ಎತ್ತಲಿಲ್ಲ. ಹೊಟ್ಟೆಕಿಚ್ಚಿಗೂ ಪಗಾರ ಸಿಗುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು. ಎದ್ದು ಹೊರಟಾಗ ಸಾಹೇಬರು ಹಿಂದಿನಿಂದ ಹೇಳಿದರು: "ನಿನ್ನ ಮಾವನ ಮಗ ಹೋಗೂಮುಂದ ಹೇಳಿದ್ದ, ನನ್ನ ಕೆಲಸ ಬಲ್ಲಾವ ಇವನೊಬ್ಬನ ಅಂತ."

ಅಂದರೆ ನಾನು ಹಿಂದೆ ಹಿಂದೆ ಸುತ್ತಿದ್ದು ಅವನಿಗೆ ಗೊತ್ತಿತ್ತು. ಬಯ್ದಿದ್ದರೆ ಚೆನ್ನಾಗಿತ್ತು. ಶಿಫಾರಸು ಮಾಡಿ ಹೋಗಿದ್ದ.

ಕುರ್ಚಿಯಲ್ಲಿ ಕೂತ ಮೊದಲ ದಿನವೇ ದೊಡ್ಡ ತೋಟದ ಅಜ್ಜ ಬಾಳೆಎಲೆಯಲ್ಲಿ ಕಟ್ಟಿದ ಎಲೆಯ ಪೆಂಡಿ ಹಿಡಿದು ಬಂದ. ನಾನು ಎದ್ದು ನಿಂತು ಎರಡೂ ಕೈ ಮುಂದೆ ಮಾಡಿದೆ. ಅಜ್ಜ ಪೆಂಡಿಯನ್ನು ನನ್ನ ಕೈಯಲ್ಲಿಟ್ಟು ಹೇಳಿದ:

"ಇದನ್ನ ಧಾರವಾಡಕ್ಕ ಅವರಿಗೆ ಮುಟ್ಟಸ್ರಿ. ಪಾಪ, ಅಲ್ಲಿ ಇಂಥಾ ಎಲಿ ಎಲ್ಲಿ ಸಿಗ್ತಾವ."

ಸಂಜೆಯ ಬಸ್ಸಿಗೆ ಕೊಟ್ಟು ಕಳಿಸಿದೆ. ಕಳಿಸುವ ಮೊದಲು ದಾರ ಬಿಚ್ಚಿ, ಮೇಲಿನ ಎರಡು ಎಲೆ ತೆಗೆದು, ಸುಣ್ಣ ಹಚ್ಚಿ ನಾನೇ ತಿಂದೆ.