ಅಗ್ಗದ ಗುಳಿಗೆ

ನನ್ನ ಒಂದು ಕಿಡ್ನಿ ಅಕ್ಕಲಕೋಟದಲ್ಲಿದೆ, ಅಕ್ಕನ ಹೊಟ್ಟೆಯಲ್ಲಿ. ನಾನಿರುವುದು ಸೊಲ್ಲಾಪುರದಲ್ಲಿ, ಕಾಲೇಜೊಂದರ ಕಚೇರಿಯಲ್ಲಿ ನೌಕರಿ. ಆಪರೇಶನ್ನಿನ ಖರ್ಚನ್ನು ಸರಕಾರಿ ಯೋಜನೆಯೇ ಹೊತ್ತಿತ್ತು. ಮೊದಮೊದಲು ಗುಳಿಗೆಗಳೂ ಅದರಲ್ಲೇ ಸಿಕ್ಕವು, ಆಮೇಲೆ ನಿಂತವು. ಪರರ ಕಿಡ್ನಿಯನ್ನು ಮೈ ತಳ್ಳಿಹಾಕದಂತೆ ತಡೆಯುವ ದುಬಾರಿ ಗುಳಿಗೆಗಳವು. ಜೀವ ಇರುವತನಕ ಬಿಡುವಂತಿಲ್ಲ.

ಭಾವ ಮಾಡಿಸಿದ್ದ ವಿಮೆಯಾದರೂ ಕೈ ಹಿಡಿದೀತೆಂದು ಕೇಳಲು ಹೋದೆ.

"ಪೇಶಂಟ್ ಆಡ್ಮಿಟ್ ಅದಾರೇನ್ರಿ?" ಎಂದ ಕಿಟಕಿಯಾಚೆಯವನು.

"ಇಲ್ರಿ, ಮನ್ಯಾಗ ಗೋಳಿ ತಗೋತಾಳ."

"ಮನ್ಯಾಗ ತಿನ್ನೋ ಗೋಳಿಗೆ ಇದರಾಗ ರೊಕ್ಕ ಬರಂಗಿಲ್ರಿ."

ಕಿಡ್ನಿ ಕೆಟ್ಟು ಆಸ್ಪತ್ರೆ ಸೇರಿದರೆ ಕೊಡುತ್ತಾರೆ, ಕೆಡದಂತೆ ನೋಡಿಕೊಳ್ಳಲು ಕೊಡುವುದಿಲ್ಲ. ಈ ಲೆಕ್ಕದಲ್ಲಿ ಯಾರಿಗೆ ಲಾಭವೆಂದು ಯೋಚಿಸುತ್ತಲೇ ಮೆಟ್ಟಿಲಿಳಿದೆ.

ಕೊನೆಗೆ ಡಾಕ್ಟರರೇ ಬೇರೆ ಕಂಪನಿಯ ಅದೇ ಔಷಧವನ್ನು ಬರೆದುಕೊಟ್ಟರು. ಸರಕಾರಿ ಅಗ್ಗದ ಔಷಧಿ ಅಂಗಡಿಯಲ್ಲಿ ಅದು ಬಹಳ ಕಡಿಮೆಗೆ ಸಿಕ್ಕಿತು. ಕೊಂಡು ಭಾವನ ಕೈಯಲ್ಲಿ ಕಳಿಸಿದೆ. ಕೆಲವು ದಿನಗಳ ಮೇಲೆ ಅಕ್ಕನ ರಕ್ತ ತಪಾಸಿಸಿದ ಡಾಕ್ಟರರು ನನಗೆ ಫೋನ್ ಮಾಡಿದರು. ರಕ್ತದಲ್ಲಿ ಔಷಧದ ಅಂಶ ತೀರಾ ಇಳಿದಿತ್ತು. "ನಿಮ್ಮ ಅಕ್ಕ ಗೋಳಿ ಬರೋಬ್ಬರಿ ತಗೊಳ್ಳಾಕತ್ತಾರೇನು, ನೋಡ್ರಿ."

ಮೊದಲು ಅಂಗಡಿಯವನ ಮೇಲೆ ಸಂಶಯ ಬಂತು: ಸೀಮೆಸುಣ್ಣ ಕಟ್ಟಿಕೊಟ್ಟನೇ? ಆಮೇಲೆ ಭಾವನ ಮೇಲೆ. ಅವನ ತೆಂಗಿನಕಾಯಿ ಅಂಗಡಿಗೆ ಈಚೆಗೆ ಹೊಸ ಫ್ರಿಜ್ ಬಂದಿತ್ತು. ಗುಳಿಗೆ ಮಾರಿಕೊಂಡನೇ? ಹೇಳದೆ ಕೇಳದೆ ಅಕ್ಕಲಕೋಟಕ್ಕೆ ಹೊರಟೆ. ಗುರುವಾರವಾದ್ದರಿಂದ ಅಲ್ಲಿಯ ಸ್ವಾಮಿಗಳ ಮಠಕ್ಕೆ ಹೋಗುವವರಿಂದ ಬಸ್ಸು ಕಿಕ್ಕಿರಿದಿತ್ತು. ದಾರಿಯುದ್ದಕ್ಕೂ ನಿಂತೇ ಹೋದೆ.

"ನಾ ಕಳಿಸಿದ್ದ ಗೋಳಿ ಎಲ್ಲಿ ಹೋದವು?" ಎಂದು ಅಂಗಡಿಯಲ್ಲೇ ಭಾವನನ್ನು ತಡೆದು ಕೇಳಿದೆ.

ಗಿರಾಕಿಗಳ ಮುಂದೆ ಅವನ ಮುಖ ಕಪ್ಪಿಟ್ಟಿತು. "ನಿಮ್ಮ ಅಕ್ಕನ್ನ ಕೇಳ್ರಿ. ನನ್ನ ಕಳ್ಳನ್ನ ಮಾಡಬ್ಯಾಡ್ರಿ."

ಅಕ್ಕ ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಳು. ಒಲೆ ಆರಿಸಿ, ಗೋಡೆಯ ಮಾಡದಲ್ಲಿದ್ದ ಡಬ್ಬಿ ಇಳಿಸಿ ನನ್ನ ಮುಂದಿಟ್ಟಳು. ನಾನು ಕಳಿಸಿದ್ದ ಪಾಕೀಟುಗಳೆಲ್ಲ ಹಾಗೇ ಇದ್ದವು, ಒಂದನ್ನೂ ಒಡೆದಿರಲಿಲ್ಲ.

"ಮತ್ತ ಏನ್ ತಿನ್ನಾಕತ್ತಿ?"

"ಮೊದಲಿಂದ ಉಳಿದಾವಲ್ಲ, ಅವ. ಮುಂಜಾನಿ ಒಂದ. ಸಂಜಿದು ಬಿಟ್ಟೀನಿ."

"ಯಾಕ?"

"ಇಷ್ಟ ಸಸ್ತಾ ಸಿಗೋದು ಖರೇ ಔಷಧ ಇರತೈತೇನು? ನಂದಾಗಿದ್ರ ತಿಂದ ನೋಡ್ತಿದ್ದೆ. ಇದು ನಿಂದೈತಿ. ನಿನ್ನ ಮೈ ಕೊಯ್ಸಿ ಕೊಟ್ಟಿದ್ದಕ್ಕ ಏನರ ಹಾಕಿ ಕೆಡಸಲೇನು?"

ಬಯ್ಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಆ ಕಿಡ್ನಿಯನ್ನು ಕಾಯುತ್ತೇನೆಂದುಕೊಂಡೇ ಅವಳು ಅದನ್ನು ಸಾವಿನ ಬಾಯಿಗೆ ಒಡ್ಡಿದ್ದಳು.

ಮರುದಿನವೇ ಅವಳನ್ನು ಡಾಕ್ಟರರ ಮುಂದೆ ಕೂರಿಸಿದೆ. ಅವರು ಹಳೆಯದು, ಹೊಸದು ಎರಡೂ ಪಾಕೀಟು ಪಕ್ಕಪಕ್ಕದಲ್ಲಿಟ್ಟು ಔಷಧದ ಹೆಸರನ್ನು ಓದಿ ತೋರಿಸಿದರು. "ನನ್ನ ಮಾತ ನಂಬಬ್ಯಾಡ್ರಿ ತಾಯಿ. ಎರಡೂ ಹೊತ್ತು ಹೊಸಾದ ತಗೊಂಡ ಬರ್ರಿ, ರಕ್ತನ ಹೇಳತೈತಿ."

ಮುಂದಿನ ತಪಾಸಣೆಯಲ್ಲಿ ಔಷಧದ ಅಂಶ ಸರಿಯಾದ ಮಟ್ಟದಲ್ಲಿತ್ತು. ಕಿಡ್ನಿಗೆ ಏನೂ ಆಗಿರಲಿಲ್ಲ.

ಭಾವ ಈಗಲೂ ನನ್ನೊಡನೆ ಬಾಯಿತುಂಬ ಮಾತಾಡುವುದಿಲ್ಲ. ಅಕ್ಕ ಹೊಸ ಪಾಕೀಟು ಒಡೆದಾಗಲೆಲ್ಲ ವಿಡಿಯೋ ಕಾಲ್ ಮಾಡುತ್ತಾಳೆ. "ಈ ಸಲದ್ದು ಬಣ್ಣ ಜರಾ ತೆಳ್ಳಗ ಕಾಣಸ್ತೈತಲ್ಲ?"

"ನುಂಗು," ಎನ್ನುತ್ತೇನೆ. ನುಂಗಿದಳೋ ಇಲ್ಲವೋ ನೋಡಲು, ಅವಳು ಬಾಯಿ ತೆರೆದು ನಾಲಗೆ ಎತ್ತಿ ತೋರಿಸುವವರೆಗೂ ಫೋನ್ ಇಡುವುದಿಲ್ಲ.