ರೋಸ್‌ಮರಿಗೆ ಒಂದು ಚೊಂಬು ನೀರು

ನಾನು ಗಿಡಕ್ಕೆ ನೀರು ಹಾಕುವುದು ಬೆಳಿಗ್ಗೆ ಆರೂವರೆಗೆ, ಸ್ನಾನವಾದ ಕೂಡಲೆ, ಒಂದು ಚೊಂಬು. ಕುಂದಾಪುರದಲ್ಲಿ ಅಮ್ಮ ತುಳಸಿಗೆ ಹಾಗೇ ಹಾಕುತ್ತಿದ್ದರು. ಮೂವತ್ತು ವರ್ಷ ಲಂಡನ್ನಿನಲ್ಲಿ ನರ್ಸ್ ಆಗಿದ್ದ ನನಗೂ ಅದೇ ಒಗ್ಗಿತ್ತು. ಆರು ಗಂಟೆಯ ಔಷಧಿ ಎಂದರೆ ಆರು ಗಂಟೆಗೇ.

ರೋಸ್‌ಮರಿ ಗಿಡ ತಂದವರು ನನ್ನ ಗಂಡ. ಪಾರ್ಕ್ ರಾಯಲ್‌ನ ಊಟ ತಯಾರಿಸುವ ಕಾರ್ಖಾನೆಯಲ್ಲಿ ಆಲೂಗಡ್ಡೆಯ ಮೇಲೆ ಅದರ ಎಲೆ ಉದುರಿಸಿ ಉದುರಿಸಿ ಅವರಿಗೆ ಆ ವಾಸನೆ ಹಿಡಿಸಿಬಿಟ್ಟಿತ್ತು. ನನಗೆ ಅದು ಮಂಡಿಗೆ ಹಚ್ಚುವ ಎಣ್ಣೆಯ ವಾಸನೆ. ಫೆಲ್ಥಮ್‌ನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಂಡ ಇಟ್ಟಿದ್ದರು. ಚಳಿಗಾಲ ಬಂತೆಂದರೆ ಹೀಟರ್ ಹಾಕದ ಸಣ್ಣ ಕೋಣೆಯ ಕಿಟಕಿಗೆ ತರುತ್ತಿದ್ದರು. ನೀರು ಮಾತ್ರ ನೆನಪಾದಾಗ. ಎಷ್ಟೋ ವಾರ ನೆನಪಾಗುತ್ತಲೇ ಇರಲಿಲ್ಲ.

"ನಿಮಗೆ ತರುವುದು ಗೊತ್ತು, ಸಾಕುವುದು ಗೊತ್ತಿಲ್ಲ," ಎನ್ನುತ್ತಿದ್ದೆ.

"ಅದೇನು ತುಳಸಿಯಾ ಮಾರಾಯ್ತಿ? ಸ್ವಲ್ಪ ಬಾಯಾರಲಿ ಬಿಡು."

"ಸೋಮಾರಿತನಕ್ಕೂ ಒಂದು ಶಾಸ್ತ್ರ ನಿಮ್ಮದು."

ಹೋದ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಸೂತಕವೆಂದು ಆ ದಿನಗಳಲ್ಲಿ ನಾನು ಯಾವ ಗಿಡವನ್ನೂ ಮುಟ್ಟಲಿಲ್ಲ. ಸೂತಕ ಕಳೆದು ನೋಡಿದರೆ, ಹನಿ ನೀರಿಲ್ಲದೆಯೂ ರೋಸ್‌ಮರಿಯ ತುದಿಯಲ್ಲಿ ಹೊಸ ಚಿಗುರು. ಆಗಲೇ ಬುದ್ಧಿ ಕಲಿಯಬೇಕಿತ್ತು. ಅವರು ಕೈಯಾರೆ ಬೆಳೆಸಿದ್ದು ಮನೆಯಲ್ಲಿ ಇದೊಂದೇ, ಇದನ್ನು ಕಳೆದುಕೊಳ್ಳಬಾರದು ಎಂದಷ್ಟೇ ನನಗೆ ಹೊಳೆದದ್ದು. ಕುಂಡವನ್ನು ಹಾಲ್‌ನಲ್ಲಿ ಹೀಟರಿನ ಪಕ್ಕ ಬೆಚ್ಚಗೆ ಇಟ್ಟೆ. ದಿನವೂ ಆರೂವರೆಗೆ ಒಂದು ಚೊಂಬು. ಒಂದು ದಿನವೂ ತಪ್ಪಲಿಲ್ಲ.

ಜನವರಿ ಬಂದರೂ ಗಿಡ ಹಸಿರಾಗಿಯೇ ಇತ್ತು. ಅವರ ಫೋಟೋ ಒರೆಸುವಾಗ, "ನೋಡಿ, ಸಾಕುವುದು ಎಂದರೆ ಹೀಗೆ," ಎಂದು ಹೇಳುತ್ತಿದ್ದೆ.

ಒಂದು ಭಾನುವಾರ ಮಗಳು ಬಂದಳು. ಅಪ್ಪನ ಹಾಗೆ ಆಲೂಗಡ್ಡೆ ಮಾಡುತ್ತೇನೆಂದು ಒಂದು ಟೊಂಗೆಗೆ ಕೈ ಹಾಕಿದಳು. ಅದು ಒಣಕಡ್ಡಿಯಂತೆ ಮುರಿಯಿತು. ಹಸಿರೆಲೆಗಳು ಪುರಪುರ ನೆಲಕ್ಕುದುರಿದವು. ಅವಳು ಗಿಡ ಹಿಡಿದೆತ್ತಿದರೆ ಬೇರುಗಳೆಲ್ಲ ಕಪ್ಪಾಗಿ, ಕೊಳೆತ ನಾತ.

ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುವವಳು ಅಂದು ಕನ್ನಡದಲ್ಲೇ ಕೇಳಿದಳು. "ಅಮ್ಮ, ಎಲೆ ಹಸಿರು ಕಂಡ್ರೂ ಇದು ಸತ್ತು ತುಂಬಾ ದಿನ ಆಗಿದೆ. ಎಷ್ಟು ನೀರು ಹಾಕ್ತಿದ್ದಿ?"

"ದಿನಾ ಒಂದು ಚೊಂಬು."

"ದಿನಾ? ಅಪ್ಪ ನಿನಗೆ ಹೇಳಿರ್ಲಿಲ್ವಾ?"

"ಹೇಳಿದ್ದರು."

ವಾರ್ಡಿನಲ್ಲಿ ಎಷ್ಟೋ ಜನರ ನಾಡಿ ಹಿಡಿದು, ಮುಗಿಯಿತು ಎಂದು ಮೊದಲು ತಿಳಿದವಳು ನಾನು. ನನ್ನ ಹಾಲ್‌ನಲ್ಲೇ ಸತ್ತು ನಿಂತಿದ್ದಕ್ಕೆ ಎಷ್ಟು ವಾರ ನೀರೆರೆದೆನೋ ಗೊತ್ತಿಲ್ಲ. ಮಗಳು ಎಲೆ ಗುಡಿಸುತ್ತಿದ್ದಳು. ಹಾಲ್ ತುಂಬ ಆ ಎಣ್ಣೆಯ ವಾಸನೆ. ನಲವತ್ತು ವರ್ಷದ ಸಂಸಾರದಲ್ಲಿ ಅವರ ಒಂದು ಮಾತು ಕೇಳಿದ್ದರೆ ಸಾಕಿತ್ತು, ಅದೂ ಒಂದು ಗಿಡದ ವಿಷಯಕ್ಕೆ.