ತಿದ್ದಿ ಬಂದ ಪತ್ರ

ಸವದತ್ತಿಯ ಆ ಕಾಲೇಜಿಗೆ ನಾನು ಬೈಲಹೊಂಗಲದಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಆಕೆ ರಾಮದುರ್ಗದಿಂದ. ಇಬ್ಬರೂ ಅತಿಥಿ ಉಪನ್ಯಾಸಕರು. ನನ್ನದು ಇತಿಹಾಸ, ಆಕೆಯದು ಇಂಗ್ಲಿಷ್. ಸ್ಟಾಫ್ ರೂಮಿನಲ್ಲಿ ಒಂದು ರೂಢಿ ಬೆಳೆದಿತ್ತು. ಇಂಗ್ಲಿಷಿನಲ್ಲಿ ಏನೇ ಬರೆದರೂ, ಅದು ರಜೆ ಅರ್ಜಿಯಿರಲಿ, ಪ್ರಾಚಾರ್ಯರು ವಿಶ್ವವಿದ್ಯಾಲಯಕ್ಕೆ ಬರೆಯುವ ಪತ್ರವಿರಲಿ, ಮೊದಲು ಆಕೆಯ ಮೇಜಿನ ಮೇಲೆ ಇಡಬೇಕು. ಆಕೆ ಕೆಂಪು ಪೆನ್ನಿನಲ್ಲಿ ತಿದ್ದಿ, ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಮರಳಿ ಕೊಡುತ್ತಿದ್ದಳು. ಯಾರೂ ಹೇಳಿ ಇಡುತ್ತಿರಲಿಲ್ಲ, ಆಕೆಯೂ ಕೇಳುತ್ತಿರಲಿಲ್ಲ. ಮನೋಳಿಯಿಂದ ಬರುವ ಗುಮಾಸ್ತರು ತಮ್ಮ ಮನೆಯ ಗೃಹಪ್ರವೇಶದ ಆಮಂತ್ರಣವನ್ನೂ ತಿದ್ದಿಸಿಕೊಂಡು, ಮರುದಿನ ಒಂದು ಚೀಲ ಬದನೆಕಾಯಿ ತಂದುಕೊಟ್ಟಿದ್ದರು.

ನನ್ನ ಇಂಗ್ಲಿಷಿಗೆ ಒಂದು ಚಟವಿತ್ತು. ಧಾರವಾಡದಲ್ಲಿ ಎಂ.ಎ. ಓದುವಾಗ ‘ಇವಿನ್ಸ್’ ಎಂಬ ಕ್ರಿಯಾಪದ ಹತ್ತಿಕೊಂಡಿತ್ತು. ತೋರಿಸು, ಹೊರಗೆಡಹು ಎಂಬಷ್ಟೇ ಅದರ ಅರ್ಥ. ಆದರೆ ಕೋಟು ತೊಟ್ಟು ನಿಂತಂಥ ಶಬ್ದ. ಈ ಶಾಸನ ಇಂಥದ್ದನ್ನು ಇವಿನ್ಸ್ ಮಾಡುತ್ತದೆ ಎಂದು ಬರೆದರೆ, ನಾನೇ ಪೂರ್ತಿ ನಂಬದ ಮಾತಿಗೂ ತೂಕ ಬಂದುಬಿಡುತ್ತಿತ್ತು. ಆಕೆ ಪ್ರತಿ ಸಲ ಅದನ್ನು ಹೊಡೆದುಹಾಕಿ, ಮೇಲೆ ‘ಶೋ’ ಎಂದು ಸಣ್ಣಗೆ ಬರೆಯುತ್ತಿದ್ದಳು. ಒಮ್ಮೆ ಎಲ್ಲರೆದುರೇ ಕೇಳಿದಳು.

“ಸರ್ರ, ಮನ್ಯಾಗೂ ಹಿಂಗ ಮಾತಾಡ್ತೀರೇನ್ರಿ? ಹಸಿವಾಗೇತಿ ಅನ್ನಾಕೂ ಅರ್ಜಿ ಕೊಡ್ತೀರೇನು?”

ಗುಮಾಸ್ತರು ಕೆಮ್ಮು ಬರುವ ತನಕ ನಕ್ಕರು. ನನಗೆ ಸಿಟ್ಟು ಬರಲಿಲ್ಲ. ಮುಂದಿನ ವಾರ ತಿದ್ದಲು ಇಟ್ಟ ಲೇಖನದಲ್ಲಿ ಬೇಕೆಂದೇ ಆ ಶಬ್ದವನ್ನು ಎರಡು ಕಡೆ ಸೇರಿಸಿದೆ. ಎರಡನ್ನೂ ಹೊಡೆದಿದ್ದಳು. ಆ ಕೆಂಪು ಗೆರೆಗಳಿಗಾಗಿ ಬರೆಯುತ್ತಿದ್ದೇನೆ ಎಂದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು.

ಗೊತ್ತಾಗುವ ಹೊತ್ತಿಗೆ ಆಕೆಗೆ ಕಲಬುರಗಿ ಕಡೆ ಸರ್ಕಾರಿ ನೌಕರಿಯ ಆದೇಶ ಬಂದಿತ್ತು. ಉಳಿದದ್ದು ಒಂದು ವಾರ. ಅಷ್ಟರೊಳಗೆ ಹೇಳಬೇಕು, ಇಲ್ಲವಾದರೆ ಇಲ್ಲ. ಆದರೆ ಹೇಗೆ? ನಾವಿಬ್ಬರೂ ‘ರೀ’ ಹಚ್ಚದೆ ಒಂದು ಮಾತೂ ಆಡಿದವರಲ್ಲ. ‘ನೀವು ನನಗ ಬೇಕ್ರಿ’ ಎಂದರೆ ಅಂಗಡಿಯಲ್ಲಿ ಸಾಮಾನು ಕೇಳಿದಂತಾಗುತ್ತದೆ. ‘ನೀ’ ಎನ್ನುವಷ್ಟು ಸಲಿಗೆ ಹುಟ್ಟಿರಲಿಲ್ಲ. ಇಂಗ್ಲಿಷಿನಲ್ಲಿ ಈ ತಕರಾರಿಲ್ಲ, ಎಲ್ಲರಿಗೂ ಒಂದೇ ‘ಯೂ’. ಹಾಗಾಗಿ ಇಂಗ್ಲಿಷಿನಲ್ಲೇ ಒಂದು ಪುಟ ಬರೆದೆ. ಇಷ್ಟು ದಿನ ನನ್ನ ನಡತೆ ಇವಿನ್ಸ್ ಮಾಡಲಾರದೆ ಹೋದ ಭಾವನೆ, ಎಂದು ಒಂದು ಸಾಲಿತ್ತು. ಮೇಲೆ ಆಕೆಯ ಹೆಸರು ಹಾಕಲು ಕೈ ಬರಲಿಲ್ಲ. ಕೆಳಗೆ ನನ್ನದನ್ನೂ ಹಾಕಲಿಲ್ಲ. ಆಕೆ ಕ್ಲಾಸಿಗೆ ಹೋದಾಗ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟು ಬಂದೆ.

ಆ ಮೇಜಿನ ಮೇಲಿಟ್ಟ ಕಾಗದ ಅಲ್ಲಿಗೆ ಬರುವುದು ತಿದ್ದಿಸಿಕೊಳ್ಳಲಿಕ್ಕೇ ಎಂಬುದು ಎಂ.ಎ. ಮಾಡಿದವನಿಗೆ ಹೊಳೆಯಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಪತ್ರ ಮರಳಿ ಬಂತು. ಅಲ್ಪವಿರಾಮಗಳು, ಬಿಟ್ಟುಹೋದ ‘ದಿ’ಗಳು, ಒಂದು ತಪ್ಪು ಕಾಲ, ಎಲ್ಲವೂ ಕೆಂಪು. ಪಕ್ಕದಲ್ಲೇ ಗುಮಾಸ್ತರು ರೊಟ್ಟಿ ಮುರಿಯುತ್ತಿದ್ದರು. ಆಕೆ ದನಿ ತಗ್ಗಿಸಿ ಕೇಳಿದಳು.

“ಯಾರದ್ರಿ ಇದು?”

“ನಮ್ಮ ಗೆಳ್ಯಾಂದ್ರಿ. ಬೈಲಹೊಂಗಲದಾಗ ಇರ್ತಾನ. ಒಬ್ಬರಿಗೆ ಕೊಡಬೇಕಂತ.”

ಆಕೆ ಪೆನ್ನಿನ ಮುಚ್ಚಳ ಹಾಕಿ, ಚಲೋ ಬರೆದಾರ ಅಂದಳು. ಆಮೇಲೆ ನನ್ನ ಡಬ್ಬಿಯ ಮುಚ್ಚಳಕ್ಕೆ ಶೇಂಗಾ ಹಿಂಡಿಯ ಚಟ್ನಿ ಹಾಕಿದಳು. ಶನಿವಾರ ಬೀಳ್ಕೊಡುಗೆಯಾಯಿತು. ನಾನು ಭಾಷಣವನ್ನೂ ಮಾಡಿದೆ, ಕನ್ನಡದಲ್ಲಿ. ಅಂದು ಸಂಜೆಯ ಬಸ್ಸಿನಲ್ಲಿ ಪತ್ರವನ್ನು ಹರಿದು ಕಿಟಕಿಯಾಚೆ ಬಿಟ್ಟೆ. ಹರಿಯಬಾರದಿತ್ತು.

ಯಾಕೆಂದರೆ ಹರಿಯುವ ಮೊದಲು ನೋಡಿದ ಒಂದು ಸಂಗತಿ ನನ್ನನ್ನು ಬಿಟ್ಟಿಲ್ಲ. ಇಡೀ ಪುಟ ತಿದ್ದಿದವಳು ‘ಇವಿನ್ಸ್’ ಅನ್ನು ಮುಟ್ಟಿರಲಿಲ್ಲ. ಎರಡು ವರ್ಷದಲ್ಲಿ ಒಂದು ಸಲವೂ ಬಿಡದ ಶಬ್ದವನ್ನು ಅಂದು ಹಾಗೇ ಬಿಟ್ಟಿದ್ದಳು. ಅಂದರೆ ಬರೆದವನು ಯಾರೆಂದು ಆಕೆಗೆ ತಿಳಿದಿತ್ತು. ತಿಳಿದೂ, ನಾನು ಹೇಳಲೆಂದು ಜಾಗ ಬಿಟ್ಟಿದ್ದಳು.

ಅಥವಾ ಇದೆಲ್ಲ ನಾನು ಆಮೇಲೆ ಕಟ್ಟಿಕೊಂಡದ್ದು. ಒಬ್ಬನೇ ಸಾಕ್ಷಿ, ಅವನೇ ಫಲಾನುಭವಿ, ಮೂಲ ದಾಖಲೆ ಇಲ್ಲ. ಇಂಥ ಆಧಾರವನ್ನು ವಿದ್ಯಾರ್ಥಿ ತಂದರೆ ನಾನು ಓದದೆ ಮರಳಿಸುತ್ತೇನೆ. ಒಂದೊಂದು ದಿನ ಆ ಶಬ್ದದ ಮೇಲೆ ಕೆಂಪು ಗೆರೆ ಕಾಣುತ್ತದೆ, ಒಂದೊಂದು ದಿನ ಕಾಣುವುದಿಲ್ಲ. ಮನಸ್ಸು ಚೆನ್ನಾಗಿಲ್ಲದ ದಿನ ಖಂಡಿತ ಕಾಣುವುದಿಲ್ಲ.

ಹೋದ ವರ್ಷ ಸಂಬಂಧಿಕರ ನಿಶ್ಚಿತಾರ್ಥಕ್ಕೆಂದು ಕಿತ್ತೂರಿಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಯಾರೋ “ಸರ್ರ” ಅಂದರು. ಆಕೆ. ಕೂದಲು ಬೆಳ್ಳಗಾಗಿತ್ತು, ನಗೆ ಹಾಗೇ ಇತ್ತು. ಧಾರವಾಡದ ಬಸ್ಸಿಗೆ ಕಾಯುತ್ತಿದ್ದಳು. ಗಂಡ ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದದ್ದು, ಮಗಳು ಡಾಕ್ಟರಿಕೆ ಓದುತ್ತಿರುವುದು, ಗುಮಾಸ್ತರು ತೀರಿಕೊಂಡ ಸುದ್ದಿ ತನಗೆ ತಡವಾಗಿ ಮುಟ್ಟಿದ್ದು, ಇಷ್ಟು ಹೇಳಿದಳು. ನಾನೂ ನನ್ನ ಮನೆಯ ವಿಷಯ ಹೇಳಿದೆ. ಆಮೇಲೆ ಆಕೆ ರಸ್ತೆಯ ಕಡೆ ನೋಡುತ್ತಲೇ ಕೇಳಿದಳು.

“ನಿಮ್ಮ ಆ ಗೆಳೆಯರದು ಏನಾತ್ರಿ? ಪತ್ರ ಕೊಟ್ರೇನು?”

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಎರಡನೆಯ ಸಾಕ್ಷಿ ಎದುರಿಗೆ ನಿಂತಿತ್ತು. ನಾನು ಕೇಳಿದ್ದು ಅದೊಂದನ್ನೇ.

“ಅದರಾಗ ಇವಿನ್ಸ್ ಅಂತ ಒಂದು ಶಬ್ದ ಇತ್ತಲ್ರಿ. ಅದನ್ನ ಹೊಡದಿದ್ರೋ, ಹಂಗ ಬಿಟ್ಟಿದ್ರೋ?”

ಆಕೆ ರಸ್ತೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು.

“ನೆನಪಿಲ್ರಿ, ಸರ್ರ. ಹೊಡದಿರಬೇಕು. ನಾ ಯಾವಾಗ ಬಿಟ್ಟೇನಿ ಅದನ್ನ?”

ಬಸ್ಸು ಬಂತು. ಚೀಲ ಎತ್ತಿಕೊಟ್ಟೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಕೈ ಮಾಡಿದಳು. ಬಸ್ಸು ಹೆದ್ದಾರಿಗೆ ಹೊರಳಿ ಮರೆಯಾದ ಮೇಲೂ ನಾನು, ಬಿಟ್ಟಿದ್ದು ನಿಜವೋ ಹೊಡೆದದ್ದು ನಿಜವೋ ಎಂದು ತೂಗುತ್ತ ಅಲ್ಲೇ ನಿಂತಿದ್ದೆ. ಗೆಳೆಯ ಪತ್ರ ಕೊಟ್ಟನೇ ಎಂದು ಆಕೆ ಕೇಳಿದ್ದಳು. ಅದಕ್ಕೆ ನಾನು ಉತ್ತರವನ್ನೇ ಕೊಟ್ಟಿರಲಿಲ್ಲ.